ನೌಕರಿಯಿಂದ ಸ್ವತಂತ್ರ ವೃತ್ತಿಗೆ: ಮೊದಲ ಗ್ರಾಹಕರನ್ನು ಪಡೆಯುವ ಬಗೆ

ಕಾರ್ಖಾನೆಯೊಂದರಲ್ಲಿ ಹಲವು ವರ್ಷ ದುಡಿದ ಡೈ ವಿನ್ಯಾಸಕಾರನು ನೌಕರಿಯನ್ನು ತೊರೆದು ಸ್ವತಂತ್ರ ವೃತ್ತಿಗೆ ಇಳಿದಾಗ ಎದುರಾಗುವ ಮೊದಲ ತೊಡಕು ಗ್ರಾಹಕರದು. ಅದುವರೆಗೆ ಆರ್ಡರುಗಳನ್ನು ತರುವ ಹೊಣೆ ಸಂಸ್ಥೆಯದಾಗಿರುತ್ತದೆ. ಅನಂತರ ಅದು ಅವನದೇ ಆಗುತ್ತದೆ. ವರ್ಷಕ್ಕೆ ಎರಡು ಮೂರು ಹೊಸ ಡೈಗಳಷ್ಟೇ ಬೇಕಾಗಿದ್ದು, ಪೂರ್ಣಾವಧಿ ವಿನ್ಯಾಸಕಾರನನ್ನು ನೇಮಿಸಿಕೊಳ್ಳಲಾಗದ ಸಣ್ಣ ಘಟಕಗಳೇ ಇಂಥವನ ಸಹಜ ಮಾರುಕಟ್ಟೆ.

ಪರಿಚಯದ ವಲಯ

ಯಾವ ಘಟಕದ ಡೈ ಕೈಕೊಟ್ಟಿದೆ ಎಂಬುದು ಮೊದಲು ತಿಳಿಯುವುದು ವೈರ್‌ಕಟ್ ಮತ್ತು ಹೀಟ್ ಟ್ರೀಟ್‌ಮೆಂಟ್ ಕೆಲಸ ಮಾಡಿಕೊಡುವವರಿಗೆ ಹಾಗೂ ಉಕ್ಕಿನ ವ್ಯಾಪಾರಿಗಳಿಗೆ. ಅವರ ಒಂದು ಮಾತಿನ ಶಿಫಾರಸು ಜಾಹೀರಾತಿಗಿಂತ ಹೆಚ್ಚು ಫಲ ನೀಡುತ್ತದೆ. ಮುಂಚಿತವಾಗಿ ನೋಟಿಸು ನೀಡಿ, ಬಾಕಿ ಕೆಲಸವನ್ನು ಮುಗಿಸಿ ಹೊರಬಂದವನಿಗೆ ಹಳೆಯ ಮಾಲೀಕನೇ ಮೊದಲ ಗ್ರಾಹಕನಾಗುವುದೂ ಉಂಟು.

ಆದರೆ ಇದಕ್ಕೊಂದು ಎಲ್ಲೆಯಿದೆ. ಭಾರತೀಯ ಕರಾರು ಅಧಿನಿಯಮ, 1872ರ 27ನೆಯ ಕಲಮಿನಂತೆ, ನೌಕರಿ ಬಿಟ್ಟ ಮೇಲೆ ಅದೇ ವೃತ್ತಿಯನ್ನು ಮಾಡಬಾರದೆಂಬ ಷರತ್ತು ಸಾಮಾನ್ಯವಾಗಿ ಊರ್ಜಿತವಾಗುವುದಿಲ್ಲ. ಹಾಗೆಂದು ಸಂಸ್ಥೆಯ ನಕ್ಷೆ, ದರಪಟ್ಟಿ, ಗ್ರಾಹಕರ ಪಟ್ಟಿಗಳನ್ನು ಒಯ್ಯುವಂತಿಲ್ಲ. ನೌಕರಿಯಲ್ಲಿರುವಾಗಲೇ ಅದರ ಗ್ರಾಹಕರನ್ನು ಸೆಳೆಯುವುದಂತೂ ನಂಬಿಕೆದ್ರೋಹವೇ ಸರಿ.

ಲಾಭವನ್ನು ತೋರಿಸುವುದು

ಗ್ರಾಹಕನಿಗೆ ಅನುಭವದ ವರ್ಷಗಳಿಗಿಂತ ಉಳಿತಾಯದ ಲೆಕ್ಕ ಬೇಗ ಮನವರಿಕೆಯಾಗುತ್ತದೆ. ಬಿಡಿಭಾಗವೊಂದಕ್ಕೆ 100 ಗ್ರಾಂ ತಗಡು ಬಳಕೆಯಾಗುವಲ್ಲಿ, ಪಟ್ಟಿಯ ಮೇಲಿನ ಜೋಡಣೆಯನ್ನು ಬದಲಿಸಿ 95 ಗ್ರಾಂಗೆ ಇಳಿಸಿದರೆ ಒಂದು ಲಕ್ಷ ಬಿಡಿಭಾಗಗಳಿಗೆ 500 ಕಿಲೋಗ್ರಾಂ ತಗಡು ಉಳಿಯುತ್ತದೆ. ಇಂತಹ ಒಂದು ಸಣ್ಣ ಕೆಲಸವನ್ನು ಹೇಳಿದ ದಿನಕ್ಕೆ ಮುಗಿಸಿಕೊಟ್ಟರೆ ದೊಡ್ಡ ಕೆಲಸ ತಾನಾಗಿ ಬರುತ್ತದೆ.

ದರ ಮತ್ತು ಪಾವತಿ

ಹಳೆಯ ವೇತನವನ್ನು ದಿನಗಳಿಗೆ ಭಾಗಿಸಿ ದರ ನಿಗದಿಪಡಿಸುವುದು ಸಾಮಾನ್ಯ ತಪ್ಪು. ತಿಂಗಳಿಗೆ 60,000 ರೂ. ವೇತನವನ್ನು 26 ದಿನಗಳಿಗೆ ಹಂಚಿದರೆ ದಿನಕ್ಕೆ ಸುಮಾರು 2,300 ರೂ. ಆಗುತ್ತದೆ. ಆದರೆ ಆರಂಭದಲ್ಲಿ ಕೆಲಸ 13 ದಿನ ಮಾತ್ರ ದೊರೆತರೆ, ಅಷ್ಟೇ ವರಮಾನಕ್ಕೆ ದಿನಕ್ಕೆ 4,600 ರೂ. ಬೇಕಾಗುತ್ತದೆ, ಕಂಪ್ಯೂಟರ್, ಓಡಾಟ, ವಿಮೆಗಳ ಖರ್ಚು ಇದಕ್ಕೆ ಹೊರತು.

ಉದ್ಯಮ್ ನೋಂದಣಿ ಪಡೆದ ಸೂಕ್ಷ್ಮ ಉದ್ಯಮಿಗೆ ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮ, 2006ರ ರಕ್ಷಣೆಯಿದೆ. ಲಿಖಿತ ಒಪ್ಪಂದವಿದ್ದರೂ ಪಾವತಿಯ ಅವಧಿ 45 ದಿನಗಳನ್ನು ಮೀರುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲಬೇಕು. ಆದರೂ ಹೊಸ ಗ್ರಾಹಕರಿಂದ ಮುಂಗಡ ಪಡೆದು, ಕೆಲಸದ ವ್ಯಾಪ್ತಿಯನ್ನು ಬರವಣಿಗೆಯಲ್ಲಿ ಇಡುವುದೇ ಕ್ಷೇಮ.

ಕೊನೆಯದಾಗಿ, ಒಬ್ಬನೇ ದೊಡ್ಡ ಗ್ರಾಹಕನನ್ನು ನೆಚ್ಚಿ ಕುಳಿತರೆ ಅದು ಭದ್ರತೆಯಿಲ್ಲದ ನೌಕರಿಯೇ ಆದೀತು. ಕೈತುಂಬ ಕೆಲಸವಿರುವಾಗಲೇ ಮುಂದಿನ ಗ್ರಾಹಕನ ಬಾಗಿಲು ತಟ್ಟುವುದು ಸ್ವತಂತ್ರ ವೃತ್ತಿಯ ಮೊದಲ ಶಿಸ್ತು.