ಕರಾವಳಿಯ ಕವಿಗಳೂ ಅವರ ಮನೋರಮೆಯರೂ

ಬ್ರಹ್ಮಾವರದಿಂದ ಬೈಂದೂರಿನವರೆಗೆ, ಒಂದು ಮಗ್ಗುಲಿಗೆ ಸಮುದ್ರವನ್ನೂ ಇನ್ನೊಂದು ಮಗ್ಗುಲಿಗೆ ಸಹ್ಯಾದ್ರಿಯನ್ನೂ ಇಟ್ಟುಕೊಂಡು ಹಬ್ಬಿರುವ ಭೂಭಾಗದಲ್ಲಿ ಪದ್ಯವೆಂಬುದು ಎಂದೂ ಏಕಾಂತದ ವಸ್ತುವಾಗಿ ಉಳಿದುದಿಲ್ಲ. ಬ್ರಹ್ಮಾವರಕ್ಕೆ ಅಜಪುರವೆಂಬ ಹೆಸರಿದ್ದ ಕಾಲದಲ್ಲಿ ಅಲ್ಲಿಯ ವಿಷ್ಣುಕವಿ ವಿರಾಟಪರ್ವವನ್ನು ಯಕ್ಷಗಾನ ಪ್ರಸಂಗವಾಗಿ ಹಾಡಿದನು. ಅದರ ಓಲೆಪ್ರತಿಯೊಂದರ ಕಾಲ 1564. ಓದುಗನೊಬ್ಬನು ದೀಪದ ಮುಂದೆ ಕುಳಿತು ಮನಸ್ಸಿನಲ್ಲಿಯೇ ಓದಿಕೊಳ್ಳಲೆಂದು ಆತನು ಅದನ್ನು ರಚಿಸಿರಲಾರನು. ಭಾಗವತನು ಹಾಡಬೇಕು, ವೇಷಧಾರಿಯು ಅದಕ್ಕೆ ಅರ್ಥ ಹೇಳಬೇಕು, ಎದುರು ವೇಷದವನು ಆ ಅರ್ಥಕ್ಕೆ ಪ್ರತ್ಯರ್ಥವನ್ನು ಒಡ್ಡಬೇಕು. ಇಷ್ಟೆಲ್ಲ ನಡೆದ ಮೇಲೆ ತಾನೆ ಪ್ರಸಂಗವು ಸಂಪೂರ್ಣವಾಗುವುದು. ಮಳೆಗಾಲದಲ್ಲಿ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮನೆಯ ಚಾವಡಿಗಳಲ್ಲಿಯೂ ದೇವಾಲಯದ ಪೌಳಿಗಳಲ್ಲಿಯೂ ನಡೆಯುವ ತಾಳಮದ್ದಳೆಯಲ್ಲಂತೂ ವೇಷವೂ ಇಲ್ಲ, ಕುಣಿತವೂ ಇಲ್ಲ. ಉಳಿಯುವುದು ಒಂದು ಪದ್ಯ, ಅದರ ಮೇಲೆ ಒಬ್ಬನ ಮಾತು, ಆ ಮಾತಿನ ಮೇಲೆ ಇನ್ನೊಬ್ಬನ ಮಾತು. ಉತ್ತರ ಹೇಳಲಾರದವನು ಅಲ್ಲಿ ಕುಳಿತಿರುವುದೇ ಕಷ್ಟ.

ಇಂಥ ನೆಲದಲ್ಲಿ ಕೈಗೆ ಫೋನು ಬಂದಾಗ ಜನರು ಅದರಲ್ಲಿ ಪದ್ಯ ಬರೆಯತೊಡಗಿದುದು ಆಶ್ಚರ್ಯದ ಸಂಗತಿಯಲ್ಲ. ಕುಂಭಾಶಿಯಲ್ಲಿ ಆನೆಗುಡ್ಡೆಯ ವಿನಾಯಕನ ಸನ್ನಿಧಿಗೆ ಹೆದ್ದಾರಿಯಿಂದ ತಿರುಗುವಲ್ಲಿ ಬಸ್ಸಿಗಾಗಿ ನಿಂತವರ ಫೋನಿನಲ್ಲಿ, ಮದುವೆಯ ಕರೆಯೋಲೆ, ಮೀನಿನ ದರ, ಇಂದಿನ ಆಟ ಎಲ್ಲಿಯೆಂಬ ಪ್ರಕಟಣೆ, ಇವುಗಳ ನಡುವೆ ಒಂದು ಹನಿಗವನವೂ ಇರುವ ಸಂಭವ ಬಹಳ. ಬರೆದವರು ನಿವೃತ್ತ ಶಿಕ್ಷಕರಿರಬಹುದು, ಅಂಗನವಾಡಿಯ ಕಾರ್ಯಕರ್ತೆಯಿರಬಹುದು, ಮುಂಬಯಿಯಲ್ಲಿಯೋ ಬೆಂಗಳೂರಿನಲ್ಲಿಯೋ ಹೋಟೆಲಿನ ಗಲ್ಲಾದ ಹಿಂದೆ ಕುಳಿತು ಊರನ್ನು ನೆನೆಯುವವರಿರಬಹುದು. ಇವರು ಹತ್ತಾರು ಬಳಗಗಳಾಗಿ ಕೂಡಿಕೊಂಡಿದ್ದಾರೆ; ಬಳಗವೆಂದರೆ ವಾಟ್ಸಾಪಿನ ಒಂದು ಗ್ರೂಪು, ಅದಕ್ಕೊಬ್ಬ ಅಡ್ಮಿನ್. ವಾರದ ಆರಂಭದಲ್ಲಿ ಅಡ್ಮಿನ್ ಒಂದು ವಿಷಯವನ್ನು ಕೊಡುತ್ತಾರೆ: ಮೊದಲ ಮಳೆ, ತಾಯಿ, ಬೀಗ ಹಾಕಿದ ಮನೆ. ಒಂದು ದಿನ ಚುಟುಕು, ಒಂದು ದಿನ ಗಜಲ್, ಒಂದು ದಿನ ಜಪಾನಿನಿಂದ ಬಂದ ಹಾಯ್ಕು ಅಥವಾ ಟಂಕಾ. ಚುಟುಕಿಗೆ ಅಂಕೋಲೆಯ ದಿನಕರ ದೇಸಾಯಿಯವರ ಚೌಪದಿಗಳು ಹಾಕಿಕೊಟ್ಟ ದಾರಿಯುಂಟು. ಗಜಲಿಗೆ ರಾಯಚೂರಿನ ಕಡೆಯ ಶಾಂತರಸರು ಕನ್ನಡದ ನಡೆಯನ್ನು ಕಲಿಸಿದರು. ಪದ್ಯಗಳು ಬೀಳುತ್ತವೆ, ಸಂಜೆಯೊಳಗೆ ಅವುಗಳ ಕೆಳಗೆ ಪ್ರತಿಕ್ರಿಯೆಗಳೂ ಬೀಳುತ್ತವೆ, ವಾರಾಂತ್ಯಕ್ಕೆ ಬಣ್ಣದ ಅಂಚಿನ ಪ್ರಶಸ್ತಿಪತ್ರವೂ ಬರುತ್ತದೆ.

ಪದ್ಯಗಳ ಗುಣದೋಷಗಳ ವಿಚಾರ ಸದ್ಯಕ್ಕೆ ಇರಲಿ. ನಮ್ಮ ಕುತೂಹಲವಿರುವುದು ಪ್ರತಿಕ್ರಿಯೆಗಳಲ್ಲಿ. ‘ಸೂಪರ್ ಸರ್’, ‘ಅದ್ಭುತ ಮೇಡಂ’, ಒಂದು ಹೆಬ್ಬೆರಳು, ಮುಗಿದ ಎರಡು ಕೈ, ಕೆಂಪು ಹೃದಯ. ನೂರು ಪದ್ಯಗಳಿಗೆ ಇದೇ ಐದು ಉತ್ತರ. ಇದನ್ನು ಕಂಡು ನಗುವ ವಿದ್ವಾಂಸರಿದ್ದಾರೆ. ಆದರೆ ಸಮ್ಮೇಳನಗಳ ಕವಿಗೋಷ್ಠಿಯಲ್ಲಿ ತನ್ನ ಕವಿತೆಯನ್ನು ಓದಿ ಮುಗಿಸಿದ ಕವಿಯು ಮುಂದಿನವನ ಕವಿತೆಯನ್ನು ಕೇಳದೆ ಊಟದ ಪಂಕ್ತಿಯ ಕಡೆಗೆ ನಡೆಯುವುದನ್ನು ಬಲ್ಲವರು, ಆ ಹೆಬ್ಬೆರಳನ್ನು ಅಷ್ಟು ಹಗುರಾಗಿ ಕಾಣಲಾರರು. ಒಬ್ಬನು ಓದಿದನೆಂಬುದಕ್ಕೆ ಅದು ಸಾಕ್ಷಿ. ಓದದೆಯೂ ಒತ್ತಬಹುದೆಂಬ ಸಂಶಯವನ್ನು ಕವಿಗಳು ಉದಾರವಾಗಿ ಬದಿಗಿಡುತ್ತಾರೆ. ಆದರೂ ಹೊಗಳಿಕೆಯು ಉತ್ತರವಲ್ಲ. ಉತ್ತರವೆಂದರೆ ಏನೆಂಬುದನ್ನು ಈ ಸೀಮೆಯವನೇ ಆದ ಒಬ್ಬ ಬಡ ವ್ಯಾಯಾಮಶಿಕ್ಷಕನು, ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ, ನಮ್ಮ ಭಾಷೆಯ ಬೇರಾವ ಕವಿಗಿಂತಲೂ ಸೊಗಸಾಗಿ ತೋರಿಸಿದ್ದಾನೆ.

ಕಾರ್ಕಳದ ಬಳಿಯ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿ, ಉಡುಪಿಯಲ್ಲಿಯೂ ಕೆಲಕಾಲ ಕುಂದಾಪುರದಲ್ಲಿಯೂ ಶಾಲೆಯ ಹುಡುಗರಿಗೆ ಕವಾಯತು ಕಲಿಸುತ್ತ, 1901ರಲ್ಲಿ ಕ್ಷಯರೋಗದಿಂದ ತೀರಿಕೊಂಡ ಲಕ್ಷ್ಮೀನಾರಣಪ್ಪನನ್ನು ನಾವು ಮುದ್ದಣನೆಂದು ಬಲ್ಲೆವು. ಆತನಿಗೆ ಪಾಂಡಿತ್ಯವಿತ್ತು, ಪ್ರತಿಭೆಯಿತ್ತು. ಇಲ್ಲದೆ ಹೋದುದು ಸಹೃದಯರ ಗೋಷ್ಠಿ. ತಾನು ಬರೆದ ಅದ್ಭುತ ರಾಮಾಯಣವನ್ನೂ ಶ್ರೀರಾಮಪಟ್ಟಾಭಿಷೇಕವನ್ನೂ ರಾಮಾಶ್ವಮೇಧವನ್ನೂ, ತನ್ನವೆಂದು ಹೇಳಿಕೊಳ್ಳುವ ಧೈರ್ಯವಿಲ್ಲದೆ, ಯಾರೋ ಪ್ರಾಚೀನರ ಕೃತಿಗಳೆಂಬಂತೆ ಮೈಸೂರಿನ ಕಾವ್ಯಮಾಲೆಗಳಿಗೆ ಕಳುಹಿಸಿದನು. ಅವು ಪ್ರಕಟವಾದುವು, ಓದುಗರು ಮೆಚ್ಚಿದರು, ಕವಿಯು ತನ್ನ ಹೆಸರಿಲ್ಲದೆಯೇ ಸತ್ತನು. ಇಂದಿನ ಹವ್ಯಾಸಿಯು ನಾಲ್ಕು ಸಾಲಿನ ಕೆಳಗೆ ತನ್ನ ಹೆಸರು, ಊರು, ಭಾವಚಿತ್ರ ಇಷ್ಟನ್ನೂ ಇಟ್ಟು, ‘ಹೆಸರು ಅಳಿಸಿ ಫಾರ್ವರ್ಡ್ ಮಾಡಬೇಡಿ’ ಎಂಬ ಎಚ್ಚರಿಕೆಯನ್ನೂ ಸೇರಿಸುವುದನ್ನು ಕಂಡಾಗ ಮುದ್ದಣನ ನೆನಪಾಗದಿರದು. ಆದರೆ ಹೇಳಬೇಕಾದುದು ಇನ್ನೊಂದಿದೆ. ತನಗೆ ದೊರೆಯದ ಕೇಳುಗನನ್ನು ಆತನು ಕಾವ್ಯದೊಳಗೆ ತಾನೇ ಸೃಷ್ಟಿಸಿಕೊಂಡನು. ರಾಮಾಶ್ವಮೇಧದಲ್ಲಿ ಮುದ್ದಣನು ಮಳೆಗಾಲದ ಹೊತ್ತು ಕಳೆಯಲೆಂದು ಮಡದಿ ಮನೋರಮೆಗೆ ಕಥೆ ಹೇಳುತ್ತಾನೆ. ಅವಳು ಕೇಳಿ ಸುಮ್ಮನಿರುವವಳಲ್ಲ. ಪದ್ಯ ಬೇಕೆ ಗದ್ಯ ಬೇಕೆ ಎಂಬ ಮೊದಲ ಪ್ರಶ್ನೆಯಿಂದಲೇ ಅವಳ ವಿಮರ್ಶೆ ಆರಂಭವಾಗುತ್ತದೆ. ತಿಳಿಯದ ಸಂಸ್ಕೃತ ಮಾತನ್ನಾಡಿದರೆ ಕನ್ನಡದಲ್ಲಿ ಹೇಳೆನ್ನುತ್ತಾಳೆ, ವರ್ಣನೆ ಲಂಬಿಸಿದರೆ ಗದರುತ್ತಾಳೆ, ಕಥೆಯಲ್ಲಿ ಅನ್ಯಾಯ ಕಂಡರೆ ಕವಿಯನ್ನೇ ಕಟಕಟೆಗೆ ಎಳೆಯುತ್ತಾಳೆ, ಕಥೆ ಮುಗಿದ ಮೇಲೆ ಕೊಡುವ ಸಂಭಾವನೆಯ ವಿಷಯದಲ್ಲಿಯೂ ಚೌಕಾಸಿ ಮಾಡುತ್ತಾಳೆ. ರಾಮಾಶ್ವಮೇಧದ ಕಥಾಭಾಗವನ್ನು ಇಂದು ಮರೆತವರು ಕೂಡ ಈ ದಂಪತಿಗಳ ಸಲ್ಲಾಪವನ್ನು ಮರೆತಿಲ್ಲ. ಹೆಬ್ಬೆರಳು ಎತ್ತಿ ಸುಮ್ಮನಾಗುವ ಮನೋರಮೆಯೊಬ್ಬಳನ್ನು ಕಲ್ಪಿಸಿಕೊಂಡು ನೋಡಿ. ಕೃತಿಯ ಅರ್ಧ ಜೀವ ಹೋಗುತ್ತದೆ.

ಮುದ್ದಣನಿಗೆ ಇಲ್ಲದ ಗೋಷ್ಠಿಯು ಧಾರವಾಡದಲ್ಲಿ 1920ರ ದಶಕದಲ್ಲಿ ಬೇಂದ್ರೆಯವರ ಸುತ್ತ ಕೂಡಿದ ಗೆಳೆಯರ ಗುಂಪಿಗೆ ಒದಗಿತು. ಅಂಬಿಕಾತನಯದತ್ತ, ವಿನಾಯಕ, ರಸಿಕರಂಗ, ಆನಂದಕಂದ ಎಂಬ ಕಾವ್ಯನಾಮಗಳ ಹಿಂದೆ ಒಬ್ಬರ ಕವಿತೆಯನ್ನು ಒಬ್ಬರು ಕೇಳಿದ, ಹಾಡಿದ, ಜಗಳವಾಡಿದ ಸ್ನೇಹವಿತ್ತು. ಅದರ ಕಥೆಯನ್ನು ಬಲ್ಲವರು ಬಹಳ ಮಂದಿ, ಇಲ್ಲಿ ವಿಸ್ತರಿಸಬೇಕಾಗಿಲ್ಲ. ನಮ್ಮ ಕುಂದಾಪುರದ ಸೀಮೆಯಿಂದಲೇ, ಈಗ ಬೈಂದೂರು ತಾಲ್ಲೂಕಿಗೆ ಸೇರುವ ಮೊಗೇರಿಯಿಂದ, ಹೊರಟ ಗೋಪಾಲಕೃಷ್ಣ ಅಡಿಗರು (1918–1992) ಯಕ್ಷಗಾನದ ವಾದ್ಯಗಳನ್ನೇ ಹೆಸರಾಗಿಸಿ 1954ರಲ್ಲಿ ‘ಚಂಡೆಮದ್ದಳೆ’ಯನ್ನು ಪ್ರಕಟಿಸಿ ಕನ್ನಡ ಕಾವ್ಯದ ದಿಕ್ಕನ್ನೇ ತಿರುಗಿಸಿದರಷ್ಟೆ. ಅವರು ಮುಂದೆ ‘ಸಾಕ್ಷಿ’ಯ ಸಂಪಾದಕರಾಗಿ ಕುಳಿತಾಗ, ತರುಣ ಕವಿಗಳಿಗೆ ಆ ಪತ್ರಿಕೆಯ ಪುಟವೇ ಪರೀಕ್ಷೆಯ ಕೊಠಡಿಯಾಯಿತು. ಸಂಪಾದಕನು ಪದ್ಯವನ್ನು ಹಿಂದಿರುಗಿಸುವುದೂ ಒಂದು ಬಗೆಯ ಉತ್ತರವೇ. ಅಂತರ್ಜಾಲವು ಆ ಸಂಪಾದಕನ ಕುರ್ಚಿಯನ್ನು ತೆಗೆದುಹಾಕಿದೆ. ಅದರಿಂದ ಅನೇಕರಿಗೆ, ವಿಶೇಷವಾಗಿ ಮನೆಯ ಕೆಲಸದ ನಡುವೆ ಬರೆಯುವ ಹೆಂಗಸರಿಗೆ, ಬಾಗಿಲು ತೆರೆಯಿತೆಂಬುದು ನಿಜ. ಕುರ್ಚಿಯೊಡನೆ ಉತ್ತರವೂ ಹೋಗಬೇಕಾಗಿತ್ತೆ ಎಂಬುದೇ ಪ್ರಶ್ನೆ.

ಹೋಗಬೇಕಾಗಿರಲಿಲ್ಲವೆಂಬುದಕ್ಕೆ ಒಂದು ನಿದರ್ಶನ ‘ಪದ್ಯಪಾನ’. ಅಷ್ಟಾವಧಾನ ಶತಾವಧಾನಗಳ ಕಲೆಯನ್ನು ನಮ್ಮ ಕಾಲದಲ್ಲಿ ಕನ್ನಡದಲ್ಲಿ ಪುನರುಜ್ಜೀವನಗೊಳಿಸಿದ ಶತಾವಧಾನಿ ಆರ್. ಗಣೇಶರ ಪ್ರೇರಣೆಯಿಂದ, 2011ರ ಸುಮಾರಿಗೆ, ಛಂದೋಬದ್ಧವಾಗಿ ಪದ್ಯ ರಚಿಸುವ ಆಸಕ್ತಿಯುಳ್ಳವರು ಅಂತರ್ಜಾಲದಲ್ಲಿ ಕೂಡಿ ಈ ಬಳಗವನ್ನು ಕಟ್ಟಿಕೊಂಡರು. ಸಾಹಿತ್ಯವನ್ನೇ ವೃತ್ತಿಯಾಗಿ ಹಿಡಿದವರು ಅಲ್ಲಿ ವಿರಳ. ಕಂಪ್ಯೂಟರಿನ ಕೆಲಸದವರೂ ಗೃಹಿಣಿಯರೂ ಉಂಟು. ಇವರು ಕೊಡುವ ವಿಷಯವು ‘ಮೊದಲ ಮಳೆ’ ಎಂಬಂತೆ ತೆರೆದ ಬಯಲಲ್ಲ. ಒಮ್ಮೆ ಚಿತ್ರವೊಂದನ್ನು ಕೊಡುತ್ತಾರೆ. ಒಮ್ಮೆ ಪರಸ್ಪರ ಸಂಬಂಧವಿಲ್ಲದ ನಾಲ್ಕು ಶಬ್ದಗಳನ್ನು ಕೊಟ್ಟು, ಅವೆಲ್ಲ ಬರುವಂತೆ ಪದ್ಯ ಕಟ್ಟಬೇಕೆನ್ನುತ್ತಾರೆ, ಅದು ದತ್ತಪದಿ. ಒಮ್ಮೆ ಅರ್ಥಹೀನವಾಗಿಯೋ ಅಸಂಬದ್ಧವಾಗಿಯೋ ತೋರುವ ಕಡೆಯ ಸಾಲೊಂದನ್ನು ಮಾತ್ರ ಕೊಟ್ಟು, ಮಿಕ್ಕ ಸಾಲುಗಳಿಂದ ಅದಕ್ಕೆ ಅರ್ಥ ಬರಿಸೆನ್ನುತ್ತಾರೆ, ಅದು ಸಮಸ್ಯಾಪೂರಣ. ಹೊತ್ತು ಮುಳುಗುವ ಮೊದಲೇ ಸೂರ್ಯನು ಮುಳುಗಿದನು ಎಂಬ ಸಾಲು ಬಂದಿತೆನ್ನೋಣ. ಯಕ್ಷಗಾನ ನೋಡಿ ಬೆಳೆದ ನಮ್ಮ ಕಡೆಯ ಹುಡುಗನಿಗೆ ಸೈಂಧವವಧೆಯ ಪ್ರಸಂಗವು ಕ್ಷಣಮಾತ್ರದಲ್ಲಿ ಹೊಳೆದೀತು. ಕೃಷ್ಣನ ಚಕ್ರವು ಸೂರ್ಯನಿಗೆ ಅಡ್ಡವಾದ ಮೇಲೆ ಸಮಸ್ಯೆಯೆಲ್ಲಿಯದು? ಇನ್ನೊಬ್ಬನು ಸೂರ್ಯನೆಂಬ ಹೆಸರಿನ ಬಾಲಕನನ್ನು ಹೊಳೆಗೆ ಸ್ನಾನಕ್ಕೆ ಇಳಿಸಿ ನಗಿಸಬಹುದು. ಒಂದೇ ಸಾಲಿಗೆ ಇಬ್ಬರು ಎರಡು ದಾರಿ ಹಿಡಿದಾಗ, ಒಬ್ಬನ ಪದ್ಯವು ತಾನಾಗಿಯೇ ಇನ್ನೊಬ್ಬನ ಪದ್ಯಕ್ಕೆ ಟೀಕೆಯಾಗುತ್ತದೆ.

ಛಂದಸ್ಸಿನ ಕಟ್ಟಿನಿಂದ ಆಗುವ ಒಂದು ಉಪಕಾರವನ್ನು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಭಾಮಿನೀಷಟ್ಪದಿಯ ಆರು ಪಾದಗಳಲ್ಲಿ ಒಂದು, ಎರಡು, ನಾಲ್ಕು, ಐದನೆಯವು ಮೂರು ನಾಲ್ಕರ ಗಣಗಳಲ್ಲಿ ಸಾಗುವ 14 ಮಾತ್ರೆಗಳವು, ಮೂರನೆಯದೂ ಆರನೆಯದೂ ಕೊನೆಯ ಗುರುವೂ ಸೇರಿ 23 ಮಾತ್ರೆಗಳವು, ಒಟ್ಟು 102. ಅದರ ಮೇಲೆ ಪ್ರತಿಪಾದದ ಎರಡನೆಯ ಅಕ್ಷರದಲ್ಲಿ ಪ್ರಾಸ ಬೀಳಬೇಕು. ಕುಮಾರವ್ಯಾಸನಿಂದ ನಮ್ಮ ಪ್ರಸಂಗಕರ್ತರವರೆಗೆ ಎಲ್ಲರೂ ನಡೆದ ದಾರಿ ಇದು. ಇಂಥ ಪದ್ಯದಲ್ಲಿ ಒಂದು ಮಾತ್ರೆ ಹೆಚ್ಚಾದರೆ ಅದನ್ನು ತೋರಿಸುವವನು ಕವಿಯ ಹೃದಯವನ್ನು ಮುಟ್ಟಬೇಕಾಗಿಲ್ಲ. ‘ನಾಲ್ಕನೆಯ ಪಾದ ಎಡವಿತು’ ಎಂದರೆ ಸಾಕು. ಕವಿಯು ಮುನಿಯುವುದಿಲ್ಲ, ಎಣಿಸಿ ನೋಡುತ್ತಾನೆ. ಆದರೆ ಅಗಲಿದ ತಾಯಿಯನ್ನು ಕುರಿತು ನಿರ್ಬಂಧವಿಲ್ಲದ ಸಾಲುಗಳಲ್ಲಿ ಒಬ್ಬರು ಬರೆದಾಗ, ಆ ಕವಿತೆ ಸಡಿಲವಾಗಿದೆಯೆಂದು ಹೇಳುವುದು ಹೇಗೆ? ಕವಿತೆಯನ್ನು ತಿದ್ದಿದರೆ ದುಃಖವನ್ನೇ ತಿದ್ದಿದಂತೆ ಆಗುತ್ತದೆಯಲ್ಲವೆ? ಆದುದರಿಂದಲೇ ಅಲ್ಲಿ ಮುಗಿದ ಕೈಗಳು ಬರುತ್ತವೆ, ಅವು ಬರುವುದೇ ಸರಿ. ವಾಟ್ಸಾಪಿನ ಬಳಗಗಳಲ್ಲಿ ವಿಮರ್ಶೆ ಇಲ್ಲದಿರುವುದಕ್ಕೆ ಜನರ ಅಜ್ಞಾನವಾಗಲಿ ಹೆದರಿಕೆಯಾಗಲಿ ಕಾರಣವೆಂದು ನಮಗೆ ತೋರುವುದಿಲ್ಲ. ಬೆರಳಿಟ್ಟು ತೋರಿಸಲು ಇಬ್ಬರಿಗೂ ಸಮ್ಮತವಾದ ಒಂದು ಗೆರೆ ಇಲ್ಲದಿರುವುದೇ ಕಾರಣ. ಹಾಗೆಂದು ಎಲ್ಲರೂ ಷಟ್ಪದಿಗೆ ಮರಳಬೇಕೆಂದು ನಾವು ಹೇಳುತ್ತಿಲ್ಲ. ಮಾತ್ರೆ ಎಣಿಸಿ ಎಣಿಸಿ ಜೀವ ಬಿಟ್ಟ ಪದ್ಯಗಳೂ ಹೇರಳವಾಗಿವೆ. ದೋಷವಿಲ್ಲದಿರುವುದೊಂದೇ ಅವುಗಳ ಗುಣ.

ಗೆರೆಯು ಛಂದಸ್ಸಿನದೇ ಆಗಬೇಕೆಂಬ ನಿಯಮವೂ ಇಲ್ಲ. ಕುಂದಾಪುರದ ಕನ್ನಡದಲ್ಲಿ ಬರೆಯುವವರ ನಡುವೆ ಅಂಥ ಇನ್ನೊಂದು ಗೆರೆ ತಾನಾಗಿ ಮೂಡಿದೆ. ಈ ನುಡಿಯನ್ನು ಶಿಷ್ಟ ಸಾಹಿತ್ಯದೊಳಕ್ಕೆ ತಂದು ಗೌರವ ದೊರಕಿಸಿಕೊಟ್ಟವರಲ್ಲಿ, ಕುಂದಾಪುರದಲ್ಲಿ 1945ರಲ್ಲಿ ಹುಟ್ಟಿದ ವೈದೇಹಿಯವರು ಪ್ರಮುಖರು. ಅವರ ಕಥೆಗಳ ಹೆಂಗಸರು ಆಡುವ ಮಾತು ಈ ಭಾಗದ ಚಾವಡಿ ಅಡುಗೆಮನೆಗಳದೇ. ಆದರೂ ಪದ್ಯ ಬರೆಯಲು ಕುಳಿತ ಸಾಮಾನ್ಯನು ಇತ್ತೀಚಿನವರೆಗೂ ಪುಸ್ತಕದ ಕನ್ನಡವನ್ನೇ ಹುಡುಕುತ್ತಿದ್ದನು. 2019ರಿಂದ ಆಷಾಢದ ಅಮಾವಾಸ್ಯೆಯಂದು, ಊರ ಮಾತಿನಲ್ಲಿ ಆಸಾಡಿ ಅಮಾಸಿಯಂದು, ‘ವಿಶ್ವ ಕುಂದಾಪ್ರ ಕನ್ನಡ ದಿನ’ವನ್ನು ಊರಿನವರೂ ಬೆಂಗಳೂರಿನವರೂ ಪರದೇಶದವರೂ ಆಚರಿಸತೊಡಗಿದ ಮೇಲೆ ಸಂಕೋಚ ಬಹಳಮಟ್ಟಿಗೆ ಹರಿಯಿತು. ಅಬ್ಬಿ, ಅಪ್ಪಯ್ಯ, ಗಂಜಿ, ಗದ್ದೆಯ ನಟ್ಟಿ, ಮಳೆಗಾಲದ ಚಿಕ್ಕಮೇಳ, ನವರಾತ್ರಿಯಲ್ಲಿ ಹುಡುಗರು ವೇಷ ಕಟ್ಟಿ ಮನೆಮನೆಗೆ ಬರುತ್ತಿದ್ದ ಹೂವಿನಕೋಲು ಇವೆಲ್ಲ ಪದ್ಯವಾದುವು. ಇಂಥ ಪದ್ಯವೊಂದು ಬಿದ್ದರೆ, ಎಂದೂ ವಿಮರ್ಶೆಯ ಪುಸ್ತಕ ಮುಟ್ಟದ ಹಿರಿಯರೂ ಉತ್ತರ ಕೊಡಲು ಹಿಂಜರಿಯುವುದಿಲ್ಲ. ‘ಹ್ವಾಯ್, ನಮ್ಮ ಬದಿಯಲ್ಲಿ ಹಾಗೆ ಹೇಳುವುದಿಲ್ಲ’ ಎಂದು ಆರಂಭಿಸಿ, ಹೊಳೆಯ ಆಚೆ ಈಚೆಗಳ ಮಾತಿನ ವ್ಯತ್ಯಾಸವನ್ನೂ, ಆ ವಸ್ತುವಿನ ಉಪಯೋಗವನ್ನೂ, ಅದನ್ನು ಬಳಸುತ್ತಿದ್ದ ಅಜ್ಜಿಯ ಸ್ವಭಾವವನ್ನೂ ಬರೆದು, ಮೂಲ ಪದ್ಯಕ್ಕಿಂತ ನಾಲ್ಕು ಪಾಲು ದೊಡ್ಡದಾದ ಟಿಪ್ಪಣಿಯನ್ನು ಕೆಳಗಿಡುತ್ತಾರೆ. ಇನ್ನೊಬ್ಬರು ಅದನ್ನು ಅಲ್ಲಗಳೆಯುತ್ತಾರೆ. ಪದ್ಯ ಬರೆದವನು ಬದಿಗೆ ಸರಿದು ಎಲ್ಲವನ್ನೂ ಕೇಳುತ್ತಿರಬೇಕಷ್ಟೆ. ತಾಳಮದ್ದಳೆಯಲ್ಲಿಯೂ ಪದ್ಯಕ್ಕೆ ಆಗುವ ಗತಿ ಇದೇ.

ಈ ನುಡಿಯನ್ನು ಬರವಣಿಗೆಗೆ ಇಳಿಸುವುದು ಸುಲಭವಲ್ಲ. ಪದಗಳ ಕೊನೆಯ ಸ್ವರಗಳು ಕತ್ತರಿಸಿಹೋಗುತ್ತವೆ, ಅರ್ಧಾಕ್ಷರಗಳು ರಾಶಿ ಬೀಳುತ್ತವೆ, ಒಂದೇ ಪದವನ್ನು ಮೂವರು ಮೂರು ಬಗೆಯಾಗಿ ಬರೆಯುತ್ತಾರೆ. ಮಂಗಳೂರಿನ ಸಮೀಪದ ಕಿನ್ನಿಕಂಬಳದಲ್ಲಿ ಹುಟ್ಟಿದ ಕೆ. ಪಿ. ರಾವ್ ಅವರು ಕನ್ನಡಕ್ಕೆಂದು ರೂಪಿಸಿದ ಕೀಲಿಮಣೆಯ ವಿನ್ಯಾಸವು ಕನ್ನಡಿಗರ ಬೆರಳಿಗೆ ಅಕ್ಷರವನ್ನು ಒಲಿಸಿತು. ಆದರೆ ಆಡುಮಾತಿನ ಏರಿಳಿತವನ್ನು ಯಾವ ಕೀಲಿಮಣೆಯೂ ಹಿಡಿಯಲಾರದು. ಅದಕ್ಕೆ ಬಳಗದವರು ತಾವೇ ಪರಿಹಾರ ಕಂಡುಕೊಂಡಿದ್ದಾರೆ. ಪದ್ಯವನ್ನು ಟೈಪ್ ಮಾಡಿ, ಅದರ ಬೆನ್ನಿಗೇ ತಾವೇ ಓದಿದ ಧ್ವನಿಮುದ್ರಿಕೆಯನ್ನೂ ಕಳುಹಿಸುತ್ತಾರೆ. ಕಣ್ಣು ಮಂಜಾದವರು, ಟೈಪು ಬಾರದವರು, ಬರಿಯ ಧ್ವನಿಯನ್ನೇ ಕಳುಹಿಸುತ್ತಾರೆ. ಉತ್ತರವೂ ಧ್ವನಿಯಲ್ಲಿಯೇ ಬರುತ್ತದೆ. ಹವ್ಯಾಸಿ ಭಾಗವತರೊಬ್ಬರು ಗುಂಪಿನಲ್ಲಿದ್ದರೆಂದರೆ ತೀರಿತು; ಯಾರದೋ ಷಟ್ಪದಿಯನ್ನು ಅವರು ರಾಗಕ್ಕೆ ಹಾಕಿ ಹಾಡಿ ಕಳುಹಿಸುತ್ತಾರೆ, ಹಾಡುವಾಗ ನಾಲಿಗೆಗೆ ತೊಡಕಾದ ಪದವನ್ನು ಬರೆದವರನ್ನು ಕೇಳದೆಯೇ ಬದಲಿಸುತ್ತಾರೆ. ಓಲೆಗರಿಯ ಕಾಲದಲ್ಲಿಯೂ ಭಾಗವತರು ಪ್ರಸಂಗಗಳಿಗೆ ಇದನ್ನೇ ಮಾಡುತ್ತಿದ್ದರು, ಯಾವ ಕವಿಯೂ ದಾವೆ ಹೂಡಿದ್ದು ತಿಳಿದುಬಂದಿಲ್ಲ. ಈಗಿನ ಕವಿಗಳು ಮಾತ್ರ ಅರ್ಧ ದಿನ ಮುನಿಸಿಕೊಂಡಿದ್ದು, ಬಳಿಕ ಬದಲಾದ ಪಾಠವನ್ನೇ ತಮ್ಮ ಸ್ಟೇಟಸ್ಸಿಗೆ ಹಾಕಿಕೊಳ್ಳುವುದುಂಟು.