ಕೊನೆಯ ಸಾಲಿನ ಫಲಿತಾಂಶ

ಚಳಿಗಾಲದ ಶನಿವಾರಗಳಂದು, ರಾತ್ರಿ ಹತ್ತೂವರೆಯ ಹೊತ್ತಿಗೆ, ಮನೆಯವರೆಲ್ಲರೂ ಮಲಗಿ ದೀಪಗಳಾರಿದ ಮೇಲೆ, ನಮ್ಮ ತಂದೆಯವರು ನಡುಮನೆಯ ಗೂಡಿನಲ್ಲಿದ್ದ ರೇಡಿಯೋದ ಗುಂಡಿಯನ್ನು ಕೂದಲೆಳೆಯಷ್ಟೇ ತಿರುಗಿಸುತ್ತ, ಆ ಅಲೆಗಳ ಮೊರೆತದಲ್ಲಿ ಎಲ್ಲಿಯೋ ಅಡಗಿರುತ್ತಿದ್ದ ಬಿಬಿಸಿಯ ಧ್ವನಿಯನ್ನು ಹುಡುಕಿ ಹಿಡಿಯುತ್ತಿದ್ದರು. ಲಂಡನ್ನಿನಲ್ಲಿ ಆಗ ಸಂಜೆ ಐದು ಗಂಟೆ. ಇಂಗ್ಲೆಂಡು ಸ್ಕಾಟ್ಲೆಂಡುಗಳ ಹತ್ತಾರು ಮೈದಾನಗಳಲ್ಲಿ ಮೂರು ಗಂಟೆಗೆ ಮೊದಲಾದ ಫುಟ್‌ಬಾಲ್ ಪಂದ್ಯಗಳು ಆಗತಾನೇ ಮುಗಿದು, ಜನ ಇನ್ನೂ ಮನೆಯ ಹಾದಿಯಲ್ಲಿರುವಾಗಲೇ, ಅವುಗಳ ಫಲಿತಾಂಶಗಳು ಸಮುದ್ರಗಳನ್ನು ದಾಟಿ ನಮ್ಮ ನಡುಮನೆಗೆ ಬಂದು ಬೀಳುತ್ತಿದ್ದವು. ಒಂದು ಊರಿನ ಹೆಸರು, ಒಂದು ಅಂಕಿ. ಮತ್ತೊಂದು ಊರಿನ ಹೆಸರು, ಮತ್ತೊಂದು ಅಂಕಿ. ಗೋಲು ಹೊಡೆದವರಾರು, ತಪ್ಪಿಸಿದವರಾರು ಎಂಬುದಾವುದೂ ಇಲ್ಲ. ಲಿವರ್‌ಪೂಲ್, ಆರ್ಸೆನಲ್ ಮುಂತಾದ ಪ್ರಖ್ಯಾತ ಹೆಸರುಗಳು ಮೊದಲ ಒಂದೆರಡು ನಿಮಿಷಗಳಲ್ಲಿಯೇ ಮುಗಿದುಹೋಗುತ್ತಿದ್ದವು. ಅನಂತರ ರಾಚ್‌ಡೇಲ್, ಹಾರ್ಟಲ್‌ಪೂಲ್, ಕ್ರೂ, ಅರ್ಬ್ರೋತ್, ಕೌಡನ್‌ಬೀತ್ ಎಂದು, ಭೂಪಟದಲ್ಲಿ ಬೆರಳಿಟ್ಟು ಹುಡುಕಬೇಕಾದ ಊರುಗಳು ಸಾಲುಗಟ್ಟಿ ಬರುತ್ತಿದ್ದವು. ತಂದೆಯವರು ಕೊನೆಯ ಹೆಸರು ಓದಿ ಮುಗಿಯುವವರೆಗೂ ರೇಡಿಯೋ ಆರಿಸುತ್ತಿರಲಿಲ್ಲ. ಎದ್ದುಹೋಗುವುದು ಆ ಊರಿನವರಿಗೆ ಅಗೌರವವೆಂಬಂತೆ ಕುಳಿತೇ ಇರುತ್ತಿದ್ದರು.

ಆ ಓದುವಿಕೆ ಒಂದು ಕಲೆಯಾಗಿತ್ತು. ಬಿಬಿಸಿಯ ‘ಸ್ಪೋರ್ಟ್ಸ್ ರಿಪೋರ್ಟ್’ ಎಂಬ ಕಾರ್ಯಕ್ರಮ ಆರಂಭವಾದುದು 1948ರ ಜನವರಿ 3ರಂದು. ಅದರಲ್ಲಿ 1974ರಿಂದ 2013ರವರೆಗೆ, ಹೆಚ್ಚುಕಡಿಮೆ ನಾಲ್ಕು ದಶಕಗಳ ಕಾಲ, ಫಲಿತಾಂಶಗಳನ್ನು ಓದಿದವರು ಜೇಮ್ಸ್ ಅಲೆಕ್ಸಾಂಡರ್ ಗಾರ್ಡನ್. ಎಡಿನ್‌ಬರೋ ನಗರದಲ್ಲಿ ಹುಟ್ಟಿ, ಶೈಶವದಲ್ಲಿಯೇ ಪೋಲಿಯೋದಿಂದ ಪೀಡಿತರಾದ ಈ ಮಹನೀಯರು ಅಂಕಿಗಳಿಗೆ ಸ್ವರವನ್ನು ಕೊಟ್ಟವರು. ಆತಿಥೇಯ ತಂಡದ ಹೆಸರನ್ನೂ ಗೋಲುಗಳನ್ನೂ ಹೇಳಿ, ಎದುರಾಳಿ ಊರಿನ ಹೆಸರಿಗೆ ಬರುವಾಗ ಅವರ ಧ್ವನಿ ಮೇಲಕ್ಕೆದ್ದರೆ ಬಂದವರು ಗೆದ್ದರೆಂದೂ, ಕೆಳಕ್ಕಿಳಿದರೆ ಸೋತರೆಂದೂ, ಸಮನಾಗಿ ನಿಂತರೆ ಪಂದ್ಯ ಡ್ರಾ ಆಯಿತೆಂದೂ ಕೇಳುವವನಿಗೆ ಅಂಕಿ ಕಿವಿಗೆ ಬೀಳುವ ಮುನ್ನವೇ ತಿಳಿದುಹೋಗುತ್ತಿತ್ತು. ನಮ್ಮ ಗಮಕಿಗಳು ಪದ್ಯದ ಅರ್ಥವನ್ನು ರಾಗದ ಏರಿಳಿತದಲ್ಲಿಯೇ ಮುಂದಾಗಿ ಸೂಚಿಸುವುದನ್ನು ಬಲ್ಲವರಿಗೆ ಇದರ ಸೊಗಸು ಸುಲಭವಾಗಿ ತಿಳಿಯುತ್ತದೆ. ಎಲ್ಲಕ್ಕೂ ಮಿಗಿಲಾಗಿ, ಅಗ್ರಶ್ರೇಣಿಯ ಪಂದ್ಯಕ್ಕೆ ಯಾವ ಕಾಳಜಿಯೋ ಸ್ಕಾಟ್ಲೆಂಡಿನ ಕೆಳಶ್ರೇಣಿಯ ಪಂದ್ಯಕ್ಕೂ ಅದೇ ಕಾಳಜಿ. ಧ್ವನಿಯಲ್ಲಿ ದಣಿವಿಲ್ಲ, ಅವಸರವಿಲ್ಲ. 2022ರ ಆಗಸ್ಟಿನಲ್ಲಿ ಸಮಯಾಭಾವದ ಕಾರಣದಿಂದ ಈ ವಾಚನವನ್ನು ಕೈಬಿಟ್ಟಾಗ ಶ್ರೋತೃಗಳ ಅಸಮಾಧಾನ ಎಷ್ಟು ಪ್ರಬಲವಾಗಿತ್ತೆಂದರೆ, ಅದೇ ಋತುವಿನಲ್ಲಿಯೇ ಅದನ್ನು ಮರಳಿ ತರಬೇಕಾಯಿತು. ಅಂಗೈಯಲ್ಲಿನ ಫೋನಿನಲ್ಲಿ ಕ್ಷಣಾರ್ಧದಲ್ಲಿ ದೊರೆಯುವ ಅಂಕಿಗಳಿಗಾಗಿ ಜನ ಇಷ್ಟು ಹಂಬಲಿಸಿದ್ದೇಕೆ? ಅವರಿಗೆ ಬೇಕಾಗಿದ್ದುದು ಅಂಕಿಯಷ್ಟೇ ಅಲ್ಲ. ತಮ್ಮ ಊರಿನ ಹೆಸರನ್ನು ವಾರಕ್ಕೊಮ್ಮೆ ನಾಡೆಲ್ಲ ಕೇಳುವಂತೆ ಯಾರೋ ಉಚ್ಚರಿಸುತ್ತಾರೆಂಬ ಸಮಾಧಾನ.

ಈ ಪಟ್ಟಿಗೆ ಒಂದು ಕ್ರಮವಿದೆ, ಆ ಕ್ರಮಕ್ಕೊಂದು ಇತಿಹಾಸವಿದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನ ಕ್ಲಬ್ಬುಗಳು ಆಡುತ್ತಿದ್ದುದು ಕಪ್ ಪಂದ್ಯಗಳನ್ನು ಬಿಟ್ಟರೆ ಸ್ನೇಹಪಂದ್ಯಗಳನ್ನು ಮಾತ್ರ. ಎದುರಾಳಿ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ, ಹಣ ಕೊಟ್ಟು ಬಂದು ನಿಂತ ಪ್ರೇಕ್ಷಕರು ಬರಿಗೈಯಲ್ಲಿ ಹಿಂದಿರುಗುತ್ತಿದ್ದರು. ಆಸ್ಟನ್ ವಿಲ್ಲಾ ಕ್ಲಬ್ಬಿನ ವಿಲಿಯಂ ಮೆಗ್ರೆಗರ್ ಎಂಬ ಬಟ್ಟೆ ವ್ಯಾಪಾರಿ ಈ ಅವ್ಯವಸ್ಥೆಗೆ ಬೇಸತ್ತು, ಇತರ ಕ್ಲಬ್ಬುಗಳಿಗೆ ಪತ್ರ ಬರೆದು, ಹನ್ನೆರಡು ತಂಡಗಳನ್ನು ಕೂಡಿಸಿ 1888ರಲ್ಲಿ ಫುಟ್‌ಬಾಲ್ ಲೀಗನ್ನು ಸ್ಥಾಪಿಸಿದನು. ಆ ಹನ್ನೆರಡು ಇಂದು ತೊಂಬತ್ತೆರಡಾಗಿವೆ: ಪ್ರೀಮಿಯರ್ ಲೀಗಿನಲ್ಲಿ 20, ಅದರ ಕೆಳಗಿನ ಮೂರು ಶ್ರೇಣಿಗಳಲ್ಲಿ ತಲಾ 24. ಅಲ್ಲಿಗೆ ಮುಗಿಯಿತೆಂದು ತಿಳಿಯುವವರು ಕಟ್ಟಡದ ಗೋಪುರವನ್ನು ಮಾತ್ರ ಕಂಡವರು. ಅದರ ಕೆಳಗೆ ನ್ಯಾಷನಲ್ ಲೀಗು, ಅದರ ಉತ್ತರ ದಕ್ಷಿಣ ವಿಭಾಗಗಳು, ಅವುಗಳ ಕೆಳಗೆ ಪ್ರಾಂತ್ಯ ಪ್ರಾಂತ್ಯದ ಲೀಗುಗಳು, ಜಿಲ್ಲಾ ಲೀಗುಗಳು, ಕೊನೆಗೆ ಭಾನುವಾರ ಬೆಳಿಗ್ಗೆ ಉದ್ಯಾನವನಗಳಲ್ಲಿ ತಾವೇ ಬಲೆ ಕಟ್ಟಿಕೊಂಡು ಆಡುವವರು. ಪ್ರತಿಯೊಂದು ಮೆಟ್ಟಿಲಿನಿಂದ ಮೇಲಿನ ಮೆಟ್ಟಿಲಿಗೆ ಹಾದಿಯುಂಟು. ಗೆದ್ದವನು ಏರುತ್ತಾನೆ, ಸೋತವನು ಇಳಿಯುತ್ತಾನೆ. ಐದನೆಯ ಶ್ರೇಣಿಯಿಂದ ನಾಲ್ಕನೆಯದಕ್ಕೆ ಏರುವ ಬಾಗಿಲು ಮಾತ್ರ ಬಹುಕಾಲ ಒಳಗಿದ್ದವರ ಮತದಾನದ ಮರ್ಜಿಯಲ್ಲಿದ್ದು, 1987ರಲ್ಲಷ್ಟೇ ಆಟದ ಬಲದಿಂದಲೇ ತೆರೆಯುವಂತಾಯಿತು. ಒಮ್ಮೆ ಲೀಗಿನಿಂದಲೇ ಹೊರಬಿದ್ದು 2009ರಿಂದ ಐದು ವರ್ಷ ಆ ಐದನೆಯ ಶ್ರೇಣಿಯಲ್ಲಿದ್ದ ಲೂಟನ್ ಟೌನ್ ಎಂಬ ಕ್ಲಬ್ಬು 2023ರಲ್ಲಿ ಪ್ರೀಮಿಯರ್ ಲೀಗನ್ನು ಮುಟ್ಟಿತು. ಹೀಗಿರುವಾಗ ಮೇಲಿನ ಸುದ್ದಿಯನ್ನು ಮಾತ್ರ ಓದುವವನು ಕಾದಂಬರಿಯ ಕೊನೆಯ ಅಧ್ಯಾಯವನ್ನಷ್ಟೇ ಓದಿದವನಂತೆ. ಪಾತ್ರಗಳು ಎಲ್ಲಿಂದ ಬಂದವೆಂಬುದು ಅವನಿಗೆ ತಿಳಿಯದು.

ಫಲಿತಾಂಶವೆಂಬುದು ಎಷ್ಟು ಪ್ರಯಾಸದಿಂದ ಪ್ರಯಾಣ ಮಾಡುತ್ತಿತ್ತೆಂಬುದನ್ನು ನೆನೆದರೆ ನನಗೆ ಈಗಲೂ ಆಶ್ಚರ್ಯವಾಗುತ್ತದೆ. ಹಳೆಯ ಇಂಗ್ಲಿಷ್ ಮೈದಾನಗಳ ಒಂದು ಮೂಲೆಯಲ್ಲಿ ದೊಡ್ಡ ಹಲಗೆಯೊಂದಿರುತ್ತಿತ್ತು. ಅದರ ಮೇಲೆ ಎ, ಬಿ, ಸಿ ಎಂದು ಅಕ್ಷರಗಳು. ಅರ್ಧ ಆಟ ಮುಗಿದೊಡನೆ ಹುಡುಗನೊಬ್ಬ ಆ ಅಕ್ಷರಗಳ ಪಕ್ಕದಲ್ಲಿ ಅಂಕಿಗಳನ್ನು ತೂಗುಹಾಕುವನು. ಯಾವ ಅಕ್ಷರ ಯಾವ ಪಂದ್ಯವೆಂಬುದು ಅಂದಿನ ಕಾರ್ಯಕ್ರಮ ಪುಸ್ತಿಕೆಯಲ್ಲಿ ಅಚ್ಚಾಗಿರುತ್ತಿದ್ದುದರಿಂದ, ಅದನ್ನು ಕೊಂಡವನಿಗೆ ಮಾತ್ರ ಆ ಗೂಢಲಿಪಿ ಬಿಡುತ್ತಿತ್ತು; ಕೊಳ್ಳದವನು ಪಕ್ಕದವನ ಭುಜದ ಮೇಲಿಂದ ಇಣುಕುತ್ತಿದ್ದನು. ಶೆಫೀಲ್ಡಿನಲ್ಲಿ ಹಸುರು ಕಾಗದದ ಮೇಲೆ, ಬೇರೆ ಕೆಲವು ನಗರಗಳಲ್ಲಿ ಗುಲಾಬಿ ಬಣ್ಣದ ಕಾಗದದ ಮೇಲೆ ಅಚ್ಚಾಗುತ್ತಿದ್ದ ಶನಿವಾರ ಸಂಜೆಯ ಕ್ರೀಡಾಪತ್ರಿಕೆಗಳಿಗೆ ವರದಿಗಾರರು ಮೈದಾನದಿಂದಲೇ ಟೆಲಿಫೋನಿನಲ್ಲಿ ಆಟವನ್ನು ತುಂಡುತುಂಡಾಗಿ ಒಪ್ಪಿಸುತ್ತಿದ್ದರು. ಆಟ ಮುಗಿದ ಸ್ವಲ್ಪ ಹೊತ್ತಿನಲ್ಲಿಯೇ ಶಾಯಿ ಒಣಗದ ಪ್ರತಿ ಬೀದಿಗೆ ಬರುತ್ತಿತ್ತು. ನಮ್ಮ ದೇಶದಲ್ಲಿಯೂ ಇಂತಹ ಒಂದು ದಿನ ಅವಿಸ್ಮರಣೀಯವಾದುದು: 1911ರ ಜುಲೈ 29ರಂದು ಕಲ್ಕತ್ತೆಯ ಮೈದಾನದಲ್ಲಿ ಮೋಹನ್ ಬಗಾನ್ ತಂಡದವರು, ಬಹುಪಾಲು ಬರಿಗಾಲಿನಲ್ಲಿ ಆಡಿ, ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2–1ರಿಂದ ಸೋಲಿಸಿ ಐಎಫ್‌ಎ ಶೀಲ್ಡನ್ನು ಗೆದ್ದಾಗ, ಆಟ ಕಾಣದಷ್ಟು ದೂರದಲ್ಲಿ ನೆರೆದಿದ್ದ ಜನಸಾಗರಕ್ಕೆ ಗೋಲುಗಳ ಸಂಖ್ಯೆಯನ್ನು ತಿಳಿಸಿದುದು ಆಕಾಶಕ್ಕೆ ಹಾರಿಸಿದ ಗಾಳಿಪಟಗಳು. ಸ್ಕೋರನ್ನು ತಿಳಿಯಲು ಒಂದು ನಗರವೇ ಮುಖವೆತ್ತಿ ಆಕಾಶವನ್ನು ನೋಡಿದ ಆ ಸಂಜೆಯ ಚಿತ್ರ ನನ್ನ ಮನಸ್ಸಿನಿಂದ ಎಂದೂ ಅಳಿಯದು.

ಆಟವೇ ನಡೆಯದೆ ಫಲಿತಾಂಶ ಹುಟ್ಟಿದುದೂ ಉಂಟು. 1963ರ ಘೋರ ಚಳಿಯಲ್ಲಿ ಮೈದಾನಗಳೆಲ್ಲ ಹೆಪ್ಪುಗಟ್ಟಿ ವಾರಗಟ್ಟಲೆ ಪಂದ್ಯಗಳು ನಿಂತುಹೋದುವು. ಫಲಿತಾಂಶಗಳನ್ನು ಊಹಿಸಿ ಪಣ ಕಟ್ಟುವ ‘ಪೂಲ್ಸ್’ ಚೀಟಿ ಆ ಕಾಲದ ಇಂಗ್ಲೆಂಡಿನಲ್ಲಿ ಮನೆಮನೆಯ ವಾಡಿಕೆ. ಅದು ನಿಲ್ಲದಿರಲೆಂದು, ಜನವರಿ ಕೊನೆಯ ಒಂದು ಶನಿವಾರ ಟಾಮ್ ಫಿನ್ನಿ, ಟಾಮಿ ಲಾಟನ್ ಮುಂತಾದ ಹಿರಿಯ ಆಟಗಾರರು ಲಂಡನ್ನಿನ ಒಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತು, ಈ ಪಂದ್ಯ ನಡೆದಿದ್ದರೆ ಯಾರು ಗೆಲ್ಲುತ್ತಿದ್ದರೆಂದು ಚರ್ಚಿಸಿ ತೀರ್ಪು ಕೊಟ್ಟರು.

ಆದರೆ ಪಟ್ಟಿಯಿಂದ ಒಂದು ಹೆಸರೇ ಇಲ್ಲವಾಗುವುದಕ್ಕಿಂತ ದೊಡ್ಡ ದುಃಖ ಈ ಲೋಕದಲ್ಲಿಲ್ಲ. ಮ್ಯಾಂಚೆಸ್ಟರಿನ ಉತ್ತರಕ್ಕಿರುವ ಬರೀ ಎಂಬ ಗಿರಣಿಗಳ ಊರಿನ ಕ್ಲಬ್ಬು 1885ರಲ್ಲಿ ಹುಟ್ಟಿ, 1894ರಿಂದ ಲೀಗಿನಲ್ಲಿದ್ದು, ಎರಡು ಬಾರಿ ಎಫ್‌ಎ ಕಪ್ಪನ್ನು ಗೆದ್ದುದು. 1903ರ ಅಂತಿಮ ಪಂದ್ಯದಲ್ಲಿ ಅದು ಡರ್ಬಿ ಕೌಂಟಿಯನ್ನು ಸೋಲಿಸಿದುದು 6–0ರಿಂದ. ಕಪ್ಪಿನ ಅಂತಿಮ ಪಂದ್ಯದಲ್ಲಿ ಅಷ್ಟು ದೊಡ್ಡ ಅಂತರದ ಗೆಲುವು ನೂರಾ ಹದಿನಾರು ವರ್ಷ ಮತ್ತಾರಿಗೂ ಸಾಧ್ಯವಾಗಲಿಲ್ಲ. 2019ರ ಮೇ ತಿಂಗಳಿನಲ್ಲಿ ಮ್ಯಾಂಚೆಸ್ಟರ್ ಸಿಟಿ ತಂಡ, ಅಪಾರ ಸಂಪತ್ತಿನ ಬಲದಿಂದ ಕಟ್ಟಿದ ತಂಡ, ವಾಟ್‌ಫರ್ಡನ್ನು ಅದೇ 6–0ರಿಂದ ಸೋಲಿಸಿ ಆ ದಾಖಲೆಯನ್ನು ಸರಿಗಟ್ಟಿತು. ಅದಾಗಿ ಮೂರು ತಿಂಗಳು ಕಳೆದು ಆಗಸ್ಟ್ 27ರಂದು, ಸಾಲದಲ್ಲಿ ಮುಳುಗಿದ್ದ ಬರೀ ಕ್ಲಬ್ಬನ್ನು ಲೀಗಿನಿಂದ ಹೊರಹಾಕಲಾಯಿತು. ಹತ್ತಾರು ಮೈಲಿಗಳ ಒಳಗಿರುವ ಎರಡು ಕ್ಲಬ್ಬುಗಳ ಈ ಎರಡು ಸುದ್ದಿಗಳನ್ನು ಒಂದೇ ಬೇಸಗೆಯಲ್ಲಿ ಓದಿದಾಗ ನನಗಾದ ಸಂಕಟವನ್ನು ಮಾತಿನಲ್ಲಿ ಹೇಳಲಾರೆ. ಮುಂದಿನ ಶನಿವಾರ ಪಟ್ಟಿಯನ್ನು ಓದಿದಾಗ ಆ ಊರಿನ ಹೆಸರಿರಲಿಲ್ಲ. ಪಂಕ್ತಿಯಲ್ಲಿ ಒಬ್ಬರ ಎಲೆ ಹಾಕದೆ ಬಿಟ್ಟಂತಿತ್ತು. ಅಭಿಮಾನಿಗಳು ಕೈಬಿಡಲಿಲ್ಲ. ಗಿಗ್ ಲೇನ್ ಎಂಬ ತಮ್ಮ ಹಳೆಯ ಮೈದಾನಕ್ಕೆ ಮರಳಿ, 2023ರಲ್ಲಿ ಒಂಬತ್ತನೆಯ ಶ್ರೇಣಿಯಲ್ಲಿ ಬರೀ ಹೆಸರಿನಲ್ಲಿಯೇ ಆಡತೊಡಗಿದರು. ಅಂದಿನಿಂದ ನಾನು ನಾರ್ತ್ ವೆಸ್ಟ್ ಕೌಂಟೀಸ್ ಲೀಗೆಂಬ, ಮೊದಲು ಕೇಳಿಯೂ ಅರಿಯದ ಲೀಗಿನ ಫಲಿತಾಂಶಗಳನ್ನು ಹುಡುಕಿ ಓದುವವನಾದೆ.

ಮೇಲಿನ ಮೆಟ್ಟಿಲು ಕೆಳಗಿನ ಮೆಟ್ಟಿಲನ್ನು ಮುಖಾಮುಖಿ ಕಾಣುವುದು ಎಫ್‌ಎ ಕಪ್ಪಿನಲ್ಲಿ. ಏಳುನೂರಕ್ಕೂ ಹೆಚ್ಚು ಕ್ಲಬ್ಬುಗಳು ಆಗಸ್ಟಿನಿಂದಲೇ ಸೆಣಸುತ್ತ ಬಂದು, ಉಳಿದವರು ಜನವರಿಯ ಮೂರನೆಯ ಸುತ್ತಿನಲ್ಲಿ ದಿಗ್ಗಜರನ್ನು ಎದುರಿಸುತ್ತಾರೆ. 2021ರ ಜನವರಿ 10ರಂದು ಲಿವರ್‌ಪೂಲಿನ ಹತ್ತಿರದ ಕ್ರಾಸ್ಬಿಯಲ್ಲಿ ಎಂಟನೆಯ ಶ್ರೇಣಿಯ ಮರೀನ್ ತಂಡಕ್ಕೆ ಎದುರಾದುದು ಟಾಟನ್‌ಹ್ಯಾಮ್. ಮನೆಗಳ ಹಿತ್ತಿಲಿಗೆ ಅಂಟಿಕೊಂಡಿರುವ ಪುಟ್ಟ ಮೈದಾನ. ಮಹಾಮಾರಿಯ ಕಾಲವಾದುದರಿಂದ ಪ್ರೇಕ್ಷಕರಿಗೆ ಪ್ರವೇಶವಿಲ್ಲ. ಆದರೂ ಒಳಗೆ ಹೋಗಲಾಗದ ಆ ಪಂದ್ಯಕ್ಕೆ, ಕ್ಲಬ್ಬು ಬದುಕಲೆಂಬ ಒಂದೇ ಉದ್ದೇಶದಿಂದ, ಜನ ಮೂವತ್ತು ಸಾವಿರಕ್ಕೂ ಹೆಚ್ಚು ಟಿಕೆಟುಗಳನ್ನು ಕೊಂಡರು. ಆಟದ ಆರಂಭದಲ್ಲಿ, ಇನ್ನೂ ಗೋಲಾಗಿರದ ಹೊತ್ತಿನಲ್ಲಿ, ಮರೀನಿನ ಆಟಗಾರನೊಬ್ಬ ದೂರದಿಂದ ಹೊಡೆದ ಚೆಂಡು ಅಡ್ಡಪಟ್ಟಿಗೆ ಬಡಿದು ಹಿಂದಿರುಗಿತು. ಫಲಿತಾಂಶ 0–5. ಆ ಅಡ್ಡಪಟ್ಟಿಯ ಸದ್ದು ಅಂಕಿಗಳಲ್ಲಿ ಎಲ್ಲಿಯೂ ಇಲ್ಲ. ಆದರೆ ಆ ಊರಿನವರು ಅದನ್ನು ಇನ್ನೂ ಕೇಳುತ್ತಿರಬೇಕು.

ನಮ್ಮ ಬೆಂಗಳೂರಿಗೂ ಈ ಲೋಕಕ್ಕೂ ಇರುವ ನಂಟು ಹಳೆಯದು. ದಂಡುಪ್ರದೇಶದ ಸೈನಿಕರಿಂದ ಕಲಿತ ಆಟವನ್ನು ಹಲಸೂರು, ಆಸ್ಟಿನ್ ಟೌನ್, ಗೌತಮಪುರಗಳ ಹುಡುಗರು ತಮ್ಮದಾಗಿಸಿಕೊಂಡರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಬ್ರಿಟಿಷ್ ಸೇನೆಯ ತಂಡಗಳ ಸೊತ್ತಾಗಿದ್ದ ಆ ಕಪ್ಪು ಭಾರತೀಯ ತಂಡವೊಂದರ ಕೈಸೇರಿದುದು ಅದೇ ಮೊದಲು. 1948ರ ಜುಲೈ 31ರಂದು ಸ್ವತಂತ್ರ ಭಾರತದ ತಂಡ ಒಲಿಂಪಿಕ್ಸಿನಲ್ಲಿ ಫ್ರಾನ್ಸನ್ನು ಎದುರಿಸಿದುದು ವೆಂಬ್ಲಿಯಂತಹ ಮಹಾಕ್ರೀಡಾಂಗಣದಲ್ಲಿ ಅಲ್ಲ, ಲಂಡನ್ನಿನ ಪೂರ್ವದಂಚಿನ ಇಲ್ಫರ್ಡಿನ ಒಂದು ಸಾಧಾರಣ ಮೈದಾನದಲ್ಲಿ. ನಮ್ಮವರಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು; ಗೋಲು ಹೊಡೆದವರು ಸಾರಂಗಪಾಣಿ ರಾಮನ್; ಎರಡು ಪೆನಾಲ್ಟಿಗಳು ತಪ್ಪಿಹೋಗಿ ಪಂದ್ಯ 1–2ರಲ್ಲಿ ಕೈತಪ್ಪಿತು. ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ನಾಲ್ಕು ಬಾರಿ ಗೆದ್ದಿತು, ಕೊನೆಯ ಬಾರಿ 1968–69ರಲ್ಲಿ. ಅನಂತರ ಐವತ್ತನಾಲ್ಕು ವರ್ಷ ಅದನ್ನು ಗೆದ್ದವರ ಪಟ್ಟಿಯಲ್ಲಿ ನಮ್ಮ ಹೆಸರಿಲ್ಲ. 2023ರ ಮಾರ್ಚ್ 4ರಂದು ದೂರದ ರಿಯಾದಿನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿತೆಂಬ ಸುದ್ದಿ ಬಂದಾಗ, ನಾನು ಮೊದಲು ನೆನೆದದ್ದು ನಡುಮನೆಯ ಆ ಗೂಡನ್ನು. ಈ ಅಂಕಿಯನ್ನು ಕೇಳಲು ತಂದೆಯವರು ಇರಲಿಲ್ಲ.

ಮೊನ್ನೆ ಒಂದು ಮಧ್ಯಾಹ್ನ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣಕ್ಕೆ ಹೋಗಿದ್ದೆ. ಜಿಲ್ಲಾ ಲೀಗಿನ ಕೆಳಗಿನ ಡಿವಿಷನ್ನಿನ ಪಂದ್ಯ. ಮೆಟ್ಟಿಲುಗಳ ಮೇಲೆ ಆಟಗಾರರ ಮನೆಯವರು, ಗೆಳೆಯರು, ಒಟ್ಟು ನಲವತ್ತು ಜನರಿದ್ದಾರು. ತಂಡಗಳ ಕಾಲುಚೀಲಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಗೋಲ್‌ಕೀಪರ್ ಹುಡುಗನ ಕೈಗವಸಿನ ಹೊಲಿಗೆ ಬಿಟ್ಟಿದ್ದುದರಿಂದ ಅದಕ್ಕೆ ಬಿಳಿಯ ಪಟ್ಟಿ ಸುತ್ತಿಕೊಂಡಿದ್ದನು. ಆದರೆ ಆ ಹುಡುಗ ಮೂಲೆಗೆ ಹಾರಿ ಬೆರಳತುದಿಯಿಂದ ಚೆಂಡನ್ನು ಹೊರಗೆ ತಳ್ಳಿದ ಪರಿಯನ್ನು ಎಂತಹ ದೊಡ್ಡ ಕ್ರೀಡಾಂಗಣದಲ್ಲಿ ಕಂಡಿದ್ದರೂ ನಾನು ಎದ್ದು ನಿಲ್ಲುತ್ತಿದ್ದೆ. ಅಲ್ಲಿಯೂ ಎದ್ದು ನಿಂತೆ. ಆಟ ಮುಗಿದು ಹೊರಬರುವಾಗ, ಗೇಟಿನ ಬಳಿ ಸೈಕಲ್ಲಿಗೆ ಒರಗಿ ನಿಂತಿದ್ದ ವೃದ್ಧರೊಬ್ಬರು ನನ್ನನ್ನು ತಡೆದರು.

“ಎಷ್ಟಾಯ್ತಪ್ಪ ಸ್ಕೋರು?”

“ಎರಡು–ಒಂದು, ತಾತ. ನೀಲಿಯವರು ಗೆದ್ದರು.”

“ಹೊಡೆದವರು ಯಾರು?”

ಹೆಸರು ನನಗೆ ಗೊತ್ತಿರಲಿಲ್ಲ. ತಾತನನ್ನು ಅಲ್ಲಿಯೇ ನಿಲ್ಲಿಸಿ, ಕೇಳಿಕೊಂಡು ಬರಲು ಮತ್ತೆ ಒಳಗೆ ಹೋದೆ.