ಹೆಗಲ ಮೇಲಿನ ಟವೆಲ್ ಮಾಸ್ಕ್ ಅಲ್ಲ

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ ಪುಷ್ಯ ಬಹುಳ ಬಿದಿಗೆಗೆ, ಹೆಚ್ಚಾಗಿ ಜನವರಿಯಲ್ಲಿ ಬರುತ್ತದೆ. ನಮ್ಮ ದೇಶದಲ್ಲಿ ಫ್ಲೂ ಜ್ವರ ವರ್ಷಕ್ಕೆ ಎರಡು ಸಲ ತಲೆ ಎತ್ತುತ್ತದೆ: ಒಮ್ಮೆ ಜನವರಿಯಿಂದ ಮಾರ್ಚ್ ನಡುವೆ, ಇನ್ನೊಮ್ಮೆ ಮಳೆಗಾಲ ಮುಗಿಯುತ್ತ ಬಂದಾಗ. ಅಂದರೆ ತೇರು ಎಳೆಯುವ ಕಾಲವೂ ಫ್ಲೂ ಕಾಲವೂ ಒಂದೇ. ಯಲಬುರ್ಗಾ, ಕುಷ್ಟಗಿ, ಗಂಗಾವತಿಯಿಂದ ಬರುವ ಬಸ್ಸುಗಳಲ್ಲಿ ಆಗ ಕಾಲಿಡಲು ಜಾಗವಿರುವುದಿಲ್ಲ. ಜಾತ್ರೆಗೆ ಹೋಗಬೇಡಿ ಎಂದು ಹೇಳುವವನು ನಾನಲ್ಲ. ಹೇಳಿದರೂ ಕೇಳುವವರು ಯಾರು?

ಫ್ಲೂ ಎಂದರೆ ಬರೀ ನೆಗಡಿಯಲ್ಲ. ಬೆಳಿಗ್ಗೆ ಚೆನ್ನಾಗಿದ್ದವರು ಸಂಜೆಗೆ ಮೈಕೈ ನೋವು, ಚಳಿಜ್ವರ ಎಂದು ಮಲಗಿಬಿಡುತ್ತಾರೆ. ಮಲಗುವ ಹಿಂದಿನ ದಿನವೇ ಅವರಿಂದ ರೋಗ ಹರಡಲು ಶುರುವಾಗಿರುತ್ತದೆ. ಗಟ್ಟಿ ಆಳು ವಾರದಲ್ಲಿ ಎದ್ದು ಕೂಡಬಹುದು. ಮನೆಯ ಮುದುಕರು, ಬಸುರಿಯರು, ಕೂಸುಗಳು, ಸಕ್ಕರೆ ಕಾಯಿಲೆ, ದಮ್ಮು ಇರುವವರಿಗೆ ಮಾತ್ರ ಇದು ಪ್ರಾಣಕ್ಕೇ ಕುತ್ತಾಗಬಹುದು.

‘ಪದೇ ಪದೇ ಕೈ ತೊಳೆಯಿರಿ’ ಎಂಬ ಪೋಸ್ಟರ್‌ಗಳಲ್ಲಿ ಯಾವಾಗಲೂ ನಲ್ಲಿ ಧಾರಾಳವಾಗಿ ಸುರಿಯುತ್ತಿರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಗಂಗಾವತಿ ಸೀಮೆಗೆ ಆ ಚಿತ್ರ ಒಪ್ಪಬಹುದು. ಮಳೆ ಮತ್ತು ಬೋರ್‌ವೆಲ್ ನಂಬಿರುವ, ಫ್ಲೋರೈಡ್ ನೀರಿನ ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಿಗೆ ಒಪ್ಪುವುದಿಲ್ಲ. ಡ್ರಮ್ಮಿನಲ್ಲಿ ತುಂಬಿಟ್ಟ ನೀರನ್ನು ಅಳೆದು ಬಳಸುವ ಮನೆಯಲ್ಲಿ ಕೈ ತೊಳೆಯುವುದಕ್ಕೂ ಲೆಕ್ಕ ಇದ್ದೇ ಇರುತ್ತದೆ.

ಆದರೆ ಇಲ್ಲಿ ಹೆಚ್ಚು ಕೆಲಸ ಮಾಡುವುದು ನೀರಲ್ಲ, ಸಾಬೂನು. ಫ್ಲೂ ವೈರಸ್ಸಿನ ಮೇಲೆ ಕೊಬ್ಬಿನ ತೆಳು ಹೊದಿಕೆಯಿದೆ. ಸಾಬೂನು ಅದನ್ನು ಹರಿದು ಹಾಕುತ್ತದೆ. ಕೈ ಒದ್ದೆಯಾಗುವಷ್ಟು ನೀರು, ಆಮೇಲೆ 20 ಸೆಕೆಂಡ್ ನೊರೆ ಬರುವಂತೆ ಉಜ್ಜುವುದು: ಬೆರಳ ಸಂದಿ, ಹೆಬ್ಬೆರಳು, ಉಗುರ ತುದಿ. ಕೊನೆಗೆ ಉಳಿದ ನೀರು ಸುರಿದುಕೊಂಡರೆ ಒಂದು ತಂಬಿಗೆ ಸಾಕು. ಹೊಲಸು ಕೈಯನ್ನೇ ಡ್ರಮ್ಮಿಗೆ ಅದ್ದಬಾರದು, ಅಷ್ಟೇ. ಇನ್ನೊಬ್ಬರು ನೀರು ಹಾಕಬೇಕು, ಇಲ್ಲವೇ ಮುಚ್ಚಳಕ್ಕೆ ತೂತು ಹಾಕಿದ ಪ್ಲಾಸ್ಟಿಕ್ ಬಾಟಲಿ ತೂಗುಹಾಕಿಕೊಳ್ಳಬೇಕು. ಹೊಲದಿಂದ ಬಂದ ಮಣ್ಣಿನ ಕೈಗೆ ಸ್ಯಾನಿಟೈಸರ್ ಹಚ್ಚಿದರೆ ದುಡ್ಡು ದಂಡ.

ನಮ್ಮಲ್ಲೊಂದು ವಿಚಿತ್ರ ರೂಢಿ ಇದೆ. ಊಟಕ್ಕೆ ಮುಂಚೆ ಬೆರಳಿಗೆ ನೀರು ತಾಗಿಸಿ ರೊಟ್ಟಿ ಮುರಿಯುತ್ತೇವೆ. ಊಟವಾದ ಮೇಲೆ ಎಣ್ಣೆಗಾಯಿಯ ಜಿಡ್ಡು ಹೋಗಲೆಂದು ಸಾಬೂನು ಹಿಡಿಯುತ್ತೇವೆ. ವೈರಸ್ಸು ತಡೆಯಲು ಸಾಬೂನು ಬೇಕಾದದ್ದು ಊಟಕ್ಕೆ ಮುಂಚೆ. ಬಸ್ಸಿನ ಕಂಬಿಯಂಥ ಸ್ಟೀಲಿನ ಮೇಲೆ ವೈರಸ್ಸು ಒಂದೆರಡು ದಿನ ಉಳಿಯಬಲ್ಲದು. ಕಂಬಿ ಹಿಡಿದ ಕೈ ಕಣ್ಣು ಮೂಗಿಗೆ ಹೋದರೆ ಮುಗಿಯಿತು. ಎಂಜಲು ಹಚ್ಚಿ ನೋಟು ಎಣಿಸುವ ಚಟವನ್ನಂತೂ ಸಂತೆಯವರು, ಅಂಗಡಿಯವರು, ಗಿರಾಕಿಗಳು ಎಲ್ಲರೂ ಬಿಡಲೇಬೇಕು.

ಇನ್ನು ಟವೆಲ್ ವಿಷಯ. ಬೆವರು ಒರೆಸುವುದು, ಮೂಗು ಒರೆಸುವುದು, ಮೊಮ್ಮಗನ ಬಾಯಿ ಒರೆಸುವುದು, ಕಿಟಕಿಯಿಂದ ಎಸೆದು ಬಸ್ಸಿನ ಸೀಟು ಹಿಡಿಯುವುದು ಎಲ್ಲವೂ ಅದರಲ್ಲೇ. ಕೆಮ್ಮು ಬಂದರೆ ಅದೇ ಮುಖಕ್ಕೆ. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ತೌಡಿನ ದೂಳು ತಡೆಯಲು ಟವೆಲ್ಲೋ ಸೆರಗೋ ಒಂದಿಷ್ಟು ಆದೀತು. ವೈರಸ್ಸು ಆ ದೂಳಿಗಿಂತ ಎಷ್ಟೋ ಪಟ್ಟು ಸಣ್ಣದು. ಮೂಗು, ಬಾಯಿ, ಗದ್ದ ಮುಚ್ಚಿ ಬಿಗಿಯಾಗಿ ಕೂಡುವ ಮೂರು ಪದರದ ಮಾಸ್ಕ್ ಬೇಕು. ಒದ್ದೆಯಾದರೆ ಬದಲಿಸಬೇಕು, ಗದ್ದಕ್ಕೆ ಇಳಿಸಿ ಮಾತಾಡಬಾರದು.

ಊರಿಗೆ ಊರೇ ಸದಾ ಮಾಸ್ಕ್ ಹಾಕಬೇಕೆಂದು ನಾನು ವಾದಿಸುವುದಿಲ್ಲ. ಮೊದಲು ಹಾಕಬೇಕಾದವರು ಕೆಮ್ಮುವವರು, ಅವರ ಆರೈಕೆ ಮಾಡುವವರು, ಆಸ್ಪತ್ರೆಯ ಪಾಳಿಯಲ್ಲಿ ಕೂತವರು. ಜ್ವರ ಬಂದವರಿಗೆ ಮನೆಯೇ ಒಳ್ಳೆಯ ಮಾಸ್ಕ್. ಕೋವಿಡ್ ಎರಡನೇ ಅಲೆಯಲ್ಲಿ, 2021ರಲ್ಲಿ, ಜಾತ್ರೆ ನಡೆಸುವ ಗವಿಮಠವೇ ರೋಗಿಗಳಿಗೆ ಹಾಸಿಗೆ ಹಾಕಿಸಿದ್ದನ್ನು ಈ ಜಿಲ್ಲೆ ಕಂಡಿದೆ. ಅಂಥ ದಿನ ಬರುವತನಕ ಕಾಯಬೇಕಿಲ್ಲ.

ಮನೆಯಲ್ಲಿ ಹಿರಿಯರಿದ್ದರೆ ವರ್ಷಕ್ಕೊಮ್ಮೆಯ ಫ್ಲೂ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ. ಅವರಿಗೆ ಜ್ವರ ಬಂದರೆ ಮೆಡಿಕಲ್ ಶಾಪಿನ ಗುಳಿಗೆ ನುಂಗಿಸಿ ಮೂರು ದಿನ ನೋಡುತ್ತ ಕೂರಬೇಡಿ. ಫ್ಲೂ ಔಷಧಿ ಚೆನ್ನಾಗಿ ಕೆಲಸ ಮಾಡುವುದು ಮೊದಲ 48 ಗಂಟೆಯೊಳಗೆ. ಉಸಿರಾಟ ಕಷ್ಟವಾದರೆ ಅಷ್ಟೂ ಕಾಯದೆ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ.